ಹಾಡೇ ಬಲೆಯಾದ ಹಳದಿ ಕಾರ್ಡಿನಲ್

ಹಳದಿ ಕಾರ್ಡಿನಲ್ ಗಾತ್ರದಲ್ಲಿ ನಮ್ಮ ಪಿಕಳಾರದಷ್ಟೇ ಇರುವ ಹಕ್ಕಿ. ಕೊಕ್ಕಿನಿಂದ ಬಾಲದ ತುದಿಯವರೆಗೆ ಸುಮಾರು 20 ಸೆಂಟಿಮೀಟರ್. ಗಂಡಿನ ಬೆನ್ನು ಹಸಿರು ಬೆರೆತ ಹಳದಿ, ಹೊಟ್ಟೆ ಅಚ್ಚ ಹಳದಿ. ತಲೆಯ ಮೇಲೆ ನೆಟ್ಟಗೆ ನಿಂತ ಕಪ್ಪು ಜುಟ್ಟು, ಗಂಟಲಿನ ಮೇಲೆ ಕಪ್ಪು ಪಟ್ಟೆ. ಇವೆರಡರ ನಡುವೆ ಹುಬ್ಬಿನಂತೆ ಒಂದು, ಮೀಸೆಯಂತೆ ಇನ್ನೊಂದು ಹಳದಿ ಗೆರೆ. ಹೆಣ್ಣಿಗೂ ಜುಟ್ಟಿದೆ. ಆದರೆ ಗಂಡಿನಲ್ಲಿ ಹಳದಿ ಇರುವ ಗೆರೆಗಳು ಹೆಣ್ಣಿನಲ್ಲಿ ಬಿಳಿ. ಕೆನ್ನೆ ಮತ್ತು ಎದೆ ಬೂದು. ಬಣ್ಣದ ಈ ವ್ಯತ್ಯಾಸ ಹಕ್ಕಿಯ ಹಣೆಬರಹವನ್ನೇ ಬದಲಿಸಿದೆ. ಅದು ಮುಂದೆ ತಿಳಿಯುತ್ತದೆ.

ಈ ಹಕ್ಕಿಯ ನೆಲೆ ದಕ್ಷಿಣ ಅಮೆರಿಕದ ದಕ್ಷಿಣ ಭಾಗ. ಮುಖ್ಯವಾಗಿ ಅರ್ಜೆಂಟೀನಾ, ಅಲ್ಪಸ್ವಲ್ಪ ಉರುಗ್ವೆ, ಬ್ರೆಜಿಲ್‌ನ ದಕ್ಷಿಣದ ಅಂಚಿನಲ್ಲಿ ಒಂದು ಚೂರು. ಸ್ಪ್ಯಾನಿಷ್ ಆಡುವವರು ಇದನ್ನು ‘ಕಾರ್ದೆನಾಲ್ ಅಮಾರಿಯೋ’ ಎನ್ನುತ್ತಾರೆ, ಪೋರ್ಚುಗೀಸ್ ಆಡುವವರು ‘ಕಾರ್ದೆಯಾಲ್ ಅಮರೇಲೊ’ ಎನ್ನುತ್ತಾರೆ. ಎರಡಕ್ಕೂ ಅರ್ಥ ಹಳದಿ ಕಾರ್ಡಿನಲ್ ಎಂದೇ. ಹೆಸರಿನಲ್ಲಿ ಕಾರ್ಡಿನಲ್ ಇದ್ದರೂ ಉತ್ತರ ಅಮೆರಿಕದ ಕೆಂಪು ಕಾರ್ಡಿನಲ್‌ಗೂ ಇದಕ್ಕೂ ಹತ್ತಿರದ ನಂಟಿಲ್ಲ. ಜುಟ್ಟು ನೋಡಿ ಇಟ್ಟ ಹೆಸರು ಅದು. ವಂಶದಿಂದ ಇದು ಟ್ಯಾನೇಜರ್ ಕುಟುಂಬದ್ದು. 1817ರಲ್ಲಿ ಫ್ರೆಂಚ್ ಪಕ್ಷಿತಜ್ಞ ವಿಯೇಯೊ ಇದಕ್ಕೆ ವೈಜ್ಞಾನಿಕ ಹೆಸರು ಕೊಟ್ಟ. ಇಂದಿನ ಹೆಸರು ಗುಬರ್ನಾಟ್ರಿಕ್ಸ್ ಕ್ರಿಸ್ಟಾಟಾ. ಲ್ಯಾಟಿನ್‌ನಲ್ಲಿ ಮೊದಲ ಪದಕ್ಕೆ ಆಳುವವಳು ಎಂದು ಅರ್ಥ, ಎರಡನೆಯದಕ್ಕೆ ಜುಟ್ಟುಳ್ಳದ್ದು ಎಂದು. ಆ ಕುಲದಲ್ಲಿ ಇದೊಂದೇ ಜಾತಿ. ಇದು ಅಳಿದರೆ ಒಂದು ಕುಲವೇ ಅಳಿದಂತೆ.

ಈ ಹಕ್ಕಿ ದಟ್ಟ ಕಾಡಿನದಲ್ಲ, ಬಟ್ಟ ಬಯಲಿನದೂ ಅಲ್ಲ. ಅರ್ಜೆಂಟೀನಾದ ನಡುವೆ ಪಂಪಾ ಎಂಬ ವಿಶಾಲ ಹುಲ್ಲುಗಾವಲಿದೆ. ಅದನ್ನು ಈಶಾನ್ಯದಿಂದ ಪಶ್ಚಿಮಕ್ಕೆ ಬಳಸಿ ನೈಋತ್ಯದವರೆಗೆ ಬಿಲ್ಲಿನಂತೆ ಸುತ್ತುವರಿದ ಮುಳ್ಳುಗಾಡಿಗೆ ‘ಎಸ್ಪಿನಾಲ್’ ಎಂದು ಹೆಸರು. ಸ್ಪ್ಯಾನಿಷ್‌ನಲ್ಲಿ ‘ಎಸ್ಪಿನಾ’ ಎಂದರೆ ಮುಳ್ಳು. ಈ ಬಿಲ್ಲು ಕೊರಿಯೆಂಟೆಸ್ ಪ್ರಾಂತ್ಯದಿಂದ ಹೊರಟು ಎಂಟ್ರೆ ರಿಯೋಸ್, ಸಾಂತಾ ಫೆ, ಕೊರ್ಡೋಬಾ, ಸಾನ್ ಲೂಯಿಸ್, ಲಾ ಪಂಪಾ ಪ್ರಾಂತ್ಯಗಳನ್ನು ಹಾದು ಬ್ಯೂನಸ್ ಐರಿಸ್ ಪ್ರಾಂತ್ಯದ ದಕ್ಷಿಣದಲ್ಲಿ ಮುಗಿಯುತ್ತದೆ. ಈಶಾನ್ಯದ ತುದಿಯಲ್ಲಿ ವರ್ಷಕ್ಕೆ ಸಾವಿರ ಮಿಲಿಮೀಟರ್ ದಾಟಿ ಮಳೆ ಬಿದ್ದರೆ ನೈಋತ್ಯದಲ್ಲಿ ಅದರ ಅರ್ಧ ಬಿದ್ದರೂ ಹೆಚ್ಚು. ಹಾಗಾಗಿ ಒಂದೇ ಹೆಸರಿನ ಈ ಕಾಡು ತುದಿಯಿಂದ ತುದಿಗೆ ಒಂದೇ ರೀತಿ ಇಲ್ಲ. ಮಳೆಯ ಕಡೆ ನ್ಯಾಂಡುಬಾಯ್ ಮರಗಳು, ನಡುವೆ ಆಲ್ಗರೋಬೊ, ಒಣ ತುದಿಯಲ್ಲಿ ಕಾಲ್ಡೆನ್. ಇವುಗಳ ನಡುನಡುವೆ ಚನ್ಯಾರ್, ಎಸ್ಪಿನಿಯೊ ಮುಂತಾದ ಮುಳ್ಳಿನ ಪೊದೆಗಳು, ಕೆಳಗೆ ಹುಲ್ಲು. ಮರಗಳು ಎತ್ತರವಿಲ್ಲ, ಕೊಂಬೆಗೆ ಕೊಂಬೆ ತಾಗುವಷ್ಟು ಒತ್ತಾಗಿಯೂ ಇಲ್ಲ. ಕುದುರೆ ಸವಾರ ನಡುವೆ ಹಾದು ಹೋಗಬಹುದಾದ ಕುರುಚಲು ಕಾಡು.

ಬಯಲುಸೀಮೆಯ ಕನ್ನಡಿಗರಿಗೆ ಈ ಗಿಡಗಳು ತೀರಾ ಅಪರಿಚಿತವಲ್ಲ. ನ್ಯಾಂಡುಬಾಯ್, ಆಲ್ಗರೋಬೊ, ಕಾಲ್ಡೆನ್ ಮೂರೂ ಬಳ್ಳಾರಿ ಜಾಲಿಯ ದಾಯಾದಿಗಳು. ದಸರೆಗೆ ಎಲೆ ಹಂಚುವ ಬನ್ನಿಮರವೂ ಇದೇ ಬಳಗದ್ದು. ಇತ್ತೀಚೆಗೆ ಸಸ್ಯವಿಜ್ಞಾನಿಗಳು ಬನ್ನಿಯನ್ನು ಹಳೆಯ ಪ್ರೊಸೊಪಿಸ್ ಕುಲದಲ್ಲೇ ಬಿಟ್ಟು ಅಮೆರಿಕದ ನೆಂಟರನ್ನು ಬೇರೆ ಕುಲಕ್ಕೆ ಸೇರಿಸಿದ್ದಾರೆ. ಎಸ್ಪಿನಿಯೊ ಅಂತೂ ಕರಿಜಾಲಿ, ಕಸ್ತೂರಿ ಜಾಲಿಗಳ ಕುಲದ್ದೇ. ಅದೇ ಹಳದಿ ಚೆಂಡಿನಂಥ ಹೂ, ಅದೇ ಘಮ, ಅದೇ ಮುಳ್ಳು. ವ್ಯತ್ಯಾಸ ಒಂದೇ: ಬಳ್ಳಾರಿ ಜಾಲಿ ಅಮೆರಿಕದಿಂದ ತಂದು ನೆಟ್ಟು, ಕೈಮೀರಿ ಹಬ್ಬಿ, ಇಲ್ಲಿನ ಕೆರೆಯಂಗಳಗಳನ್ನು ನುಂಗಿದ ಗಿಡ. ಅಲ್ಲಿ ಇದರ ದಾಯಾದಿಗಳು ಮೂಲನಿವಾಸಿಗಳು. ಅವನ್ನೇ ಕಡಿದು ಬಯಲು ಮಾಡಲಾಗಿದೆ.

ಎಸ್ಪಿನಾಲ್‌ನ ವಿನ್ಯಾಸವೇ ಹಳದಿ ಕಾರ್ಡಿನಲ್‌ನ ಬದುಕಿನ ವಿನ್ಯಾಸ. ಮೇವು ನೆಲದಲ್ಲಿ: ಹುಲ್ಲಿನ ಬೀಜ, ಕೀಟ, ಉದುರಿದ ಹಣ್ಣು. ಅದಕ್ಕೆ ತೆರೆದ ನೆಲ ಬೇಕು. ಗೂಡಿಗೆ ಮುಳ್ಳಿನ ಕವಲು ಬೇಕು. ಹಾಡಲು ಸುತ್ತಲಿಗಿಂತ ತುಸು ಎತ್ತರದ ಕೊಂಬೆಯ ತುದಿ ಬೇಕು. ಕಾಡು ತೀರಾ ದಟ್ಟವಾದರೆ ಮೊದಲನೆಯದು ಹೋಗುತ್ತದೆ, ಪೂರ್ತಿ ಬಯಲಾದರೆ ಉಳಿದೆರಡು ಹೋಗುತ್ತವೆ. ಬಿಲ್ಲಿನ ದಕ್ಷಿಣ ತುದಿಯಲ್ಲಿ ಎಸ್ಪಿನಾಲ್ ಮುಗಿದು ‘ಮೊಂಟೆ’ ಎಂಬ ಇನ್ನೂ ಒಣ ಪೊದೆಗಾಡು ಶುರುವಾಗುತ್ತದೆ. ಅಲ್ಲಿಯವರೆಗೂ ಈ ಹಕ್ಕಿ ಹರಡಿದೆ.

ಹಳದಿ ಕಾರ್ಡಿನಲ್‌ಗಳು ಜೋಡಿಯಾಗಿ ಬಾಳುತ್ತವೆ. ಪ್ರತಿ ಜೋಡಿಗೂ ತನ್ನದೇ ಸರಹದ್ದು. ಮರಿ ಮಾಡುವ ಕಾಲ ಸುಮಾರು ಅಕ್ಟೋಬರ್‌ನಿಂದ ಜನವರಿ, ಅಂದರೆ ದಕ್ಷಿಣ ಗೋಳಾರ್ಧದ ವಸಂತ ಮತ್ತು ಬೇಸಿಗೆ. ಕವಲಿನಲ್ಲಿ ಬಟ್ಟಲಿನಂಥ ಗೂಡು, ಅದರಲ್ಲಿ ಸಾಮಾನ್ಯವಾಗಿ ಎರಡು ಮೂರು ಮೊಟ್ಟೆ. ಕಾವು ಕೊಡುವುದು ಹೆಣ್ಣು; ಎರಡು ವಾರದೊಳಗೆ ಮೊಟ್ಟೆ ಒಡೆಯುತ್ತವೆ. ಮರಿಗಳಿಗೆ ಗುಟುಕು ಕೊಡುವುದು ಇಬ್ಬರ ಕೆಲಸ. ಬ್ರೆಜಿಲ್‌ನಲ್ಲಿ ಗೂಡುಗಳನ್ನು ಗಮನಿಸಿದ ಸಂಶೋಧಕರು ಕೆಲವೆಡೆ ಜೋಡಿಯ ಜೊತೆಗೆ ಮೂರನೆಯ ಹಕ್ಕಿಯೊಂದು ಮರಿಗಳಿಗೆ ಆಹಾರ ತರುವುದನ್ನು ಕಂಡಿದ್ದಾರೆ. ಕೂಡುಕುಟುಂಬದ ಈ ರೂಢಿ ಹಕ್ಕಿಲೋಕದಲ್ಲಿ ಇದ್ದರೂ ಅಷ್ಟೇನೂ ಸಾಮಾನ್ಯವಲ್ಲ.

ಗೂಡಿಗೆ ಬರುವ ಕಂಟಕಗಳು ಎರಡು ಬಗೆಯವು. ಒಂದು, ಹೊಳಪುಗಪ್ಪು ಬಣ್ಣದ ಕೌಬರ್ಡ್. ಇಲ್ಲಿ ಕೋಗಿಲೆ ಕಾಗೆಯ ಗೂಡಿನಲ್ಲಿ ಮೊಟ್ಟೆ ಇಡುವಂತೆ ಅದು ಅಲ್ಲಿ ಕಂಡವರ ಗೂಡಿನಲ್ಲೆಲ್ಲ ಮೊಟ್ಟೆ ಇಡುತ್ತದೆ. ಅಷ್ಟಕ್ಕೇ ಬಿಡದೆ ಗೂಡಿನಲ್ಲಿರುವ ಮೊಟ್ಟೆಗಳನ್ನು ಕುಕ್ಕಿ ತೂತು ಮಾಡಿ ಹೋಗುತ್ತದೆ. ದನ ಮೇಯುವ ಬಯಲು ಹೆಚ್ಚಿದಂತೆ ಈ ಹಕ್ಕಿಗೆ ಅನುಕೂಲ. ಇನ್ನೊಂದು, ಫಿಲಾರ್ನಿಸ್ ಎಂಬ ನೊಣ. ಅದರ ಹುಳುಗಳು ಮರಿಯ ಚರ್ಮದಡಿ ಸೇರಿ ರಕ್ತ ಹೀರಿ ಬೆಳೆಯುತ್ತವೆ. ಹುಳು ಹೆಚ್ಚಾದರೆ ಮರಿ ಸಾಯುತ್ತದೆ. ಬ್ಯೂನಸ್ ಐರಿಸ್ ವಿಶ್ವವಿದ್ಯಾಲಯದ ತಂಡವೊಂದು ಈ ಎರಡೂ ಕಾಟಗಳನ್ನು ಅಧ್ಯಯನ ಮಾಡಿ 2015ರಲ್ಲಿ ವರದಿ ಪ್ರಕಟಿಸಿತು. ಇವೆರಡೂ ಹೊಸವೇನಲ್ಲ. ಹಕ್ಕಿ ಹೇರಳವಾಗಿದ್ದಾಗ ಇವುಗಳಿಂದಾದ ನಷ್ಟ ಲೆಕ್ಕಕ್ಕೆ ಬರುತ್ತಿರಲಿಲ್ಲ. ಜೋಡಿಗಳೇ ಕೈಬೆರಳಲ್ಲಿ ಎಣಿಸುವಷ್ಟು ಉಳಿದ ಕಡೆ ಕೆಟ್ಟ ಒಂದೊಂದು ಗೂಡೂ ಲೆಕ್ಕಕ್ಕೆ ಬರುತ್ತದೆ.

ಹಕ್ಕಿಯ ನಿಜವಾದ ಶತ್ರು ಅದರದೇ ಗಂಟಲು. ಗಂಡಿನ ಹಾಡು ಇಂಪಾದದ್ದು. ಸ್ಪಷ್ಟ ಸಿಳ್ಳಿನಂಥ ಸ್ವರಗಳ ಸಣ್ಣ ಪಲುಕು, ಮತ್ತೆ ಮತ್ತೆ. ಹಾಡುವುದು ಹೆಣ್ಣನ್ನು ಕರೆಯಲು, ಸರಹದ್ದು ಸಾರಲು. ಈ ಎರಡನೆಯ ಉದ್ದೇಶವನ್ನೇ ಹಕ್ಕಿ ಹಿಡಿಯುವವರು ಬಳಸಿಕೊಂಡರು. ಪಳಗಿಸಿದ ಗಂಡೊಂದನ್ನು ಸಣ್ಣ ಪಂಜರದಲ್ಲಿ ದೀಮವಾಗಿ ಇಟ್ಟು ಪೊದೆಯಲ್ಲಿ ತೂಗುಹಾಕುತ್ತಾರೆ. ಪಂಜರದ ಪಕ್ಕದಲ್ಲೋ ಮೇಲೋ ಬಾಗಿಲು ತೆರೆದ ಬೋನು. ದೀಮ ಹಾಡಿದೊಡನೆ ಆ ಸರಹದ್ದಿನ ಒಡೆಯ ಕೆರಳಿ ಜಗಳಕ್ಕೆ ಬರುತ್ತದೆ, ಬೋನಿನೊಳಗೆ ಕಾಲಿಡುತ್ತದೆ, ಬಾಗಿಲು ಬೀಳುತ್ತದೆ. ಅಂಜಿ ಹಿಂಜರಿಯುವ ಹಕ್ಕಿ ಉಳಿದೀತು. ಸರಹದ್ದನ್ನು ಬಿಡದೆ ಕಾಯುವ ಗಟ್ಟಿಗನೇ ಮೊದಲು ಸಿಕ್ಕಿಬೀಳುತ್ತಾನೆ. ಹೆಚ್ಚಿನ ಶ್ರಮವಿಲ್ಲದೆ ಒಬ್ಬನೇ ಮನುಷ್ಯ ಒಂದು ತೋಪನ್ನು ಕೆಲವೇ ದಿನಗಳಲ್ಲಿ ಖಾಲಿ ಮಾಡಬಲ್ಲ.

ಪಂಜರದ ಹಕ್ಕಿಯಾಗಿ ಹಳದಿ ಕಾರ್ಡಿನಲ್‌ಗೆ ಹತ್ತೊಂಬತ್ತನೆಯ ಶತಮಾನದಿಂದಲೂ ಬೇಡಿಕೆ. ಅರ್ಜೆಂಟೀನಾ, ಉರುಗ್ವೆ, ಬ್ರೆಜಿಲ್‌ನ ದಕ್ಷಿಣ ಭಾಗಗಳಲ್ಲಿ ಹಾಡುಹಕ್ಕಿ ಸಾಕುವುದು ಹಳ್ಳಿ ಪಟ್ಟಣಗಳೆರಡರಲ್ಲೂ ಬೇರುಬಿಟ್ಟ ಹವ್ಯಾಸ. ಅಂಗಳದ ಗೋಡೆಗೆ ಪಂಜರ ತೂಗುಹಾಕಿ ಬೆಳಗಿನ ಹಾಡು ಕೇಳುವವರಲ್ಲಿ ಹೆಚ್ಚಿನವರು ತಾವು ಹಕ್ಕಿಪ್ರಿಯರೆಂದೇ ನಂಬಿದವರು. ಆ ನಂಬಿಕೆ ಪೂರ್ತಿ ಸುಳ್ಳೂ ಅಲ್ಲ, ಅದೇ ಈ ಸಮಸ್ಯೆಯ ಕಗ್ಗಂಟು. ಹಡಗೇರಿ ಯುರೋಪಿಗೂ ಈ ಹಕ್ಕಿಗಳು ಹೋದವು.

ಕೊಳ್ಳುವವರಿಗೆ ಬೇಕಾದದ್ದು ಗಂಡು. ಹಾಡೂ ಅದರದೇ, ಬಣ್ಣವೂ ಅದರದೇ. ಹೆಣ್ಣು ಬೋನಿಗೆ ಬಿದ್ದರೂ ಹಲವೊಮ್ಮೆ ಹಿಡಿದವನೇ ಹಾರಿಬಿಡುತ್ತಾನೆ. ಇದರಿಂದ ಕಾಡಿನ ಲೆಕ್ಕ ಏರುಪೇರಾಗುತ್ತದೆ. ಒಂದು ಪ್ರದೇಶದಲ್ಲಿ ಇಪ್ಪತ್ತು ಹಕ್ಕಿ ಕಂಡವೆಂದರೆ ಹತ್ತು ಜೋಡಿ ಎಂದು ತಿಳಿಯುವಂತಿಲ್ಲ. ಅದರಲ್ಲಿ ಹೆಣ್ಣುಗಳೇ ಹೆಚ್ಚಿರಬಹುದು, ಸಂಗಾತಿಯಿಲ್ಲದ ಹೆಣ್ಣು ಎಣಿಕೆಗೆ ಸಿಕ್ಕರೂ ಸಂತತಿಗೆ ಸಿಗುವುದಿಲ್ಲ. ಅಂಥ ಹೆಣ್ಣುಗಳು ಏನು ಮಾಡುತ್ತವೆ ಎಂಬುದಕ್ಕೆ ಉತ್ತರ 1990ರ ದಶಕದಲ್ಲಿ ಅರ್ಜೆಂಟೀನಾದ ಬಯಲಿನಲ್ಲೇ ಸಿಕ್ಕಿತು. ದಿಯೂಕಾ ಎಂಬ ಬೂದು ಬಿಳಿ ಬಣ್ಣದ, ತುಸು ಚಿಕ್ಕ ಹಕ್ಕಿಯೊಂದಿಗೆ ಹಳದಿ ಕಾರ್ಡಿನಲ್ ಕೂಡಿ ಹುಟ್ಟಿದ ಮಿಶ್ರತಳಿಗಳು ಕಾಡಿನಲ್ಲಿ ಕಂಡವು. ದಿಯೂಕಾ ಇದಕ್ಕೆ ವಂಶದಲ್ಲಿ ತೀರಾ ಹತ್ತಿರದ ನೆಂಟ, ಆದರೆ ನೋಡಲು ಒಂದಿಷ್ಟೂ ಹೋಲಿಕೆಯಿಲ್ಲ. ತನ್ನ ಜಾತಿಯ ಗಂಡು ಸಿಗದಾಗ ಹೆಣ್ಣು ಸಿಕ್ಕ ಗಂಡಿನೊಡನೆ ಕೂಡುತ್ತದೆ ಎಂಬುದು ಇದಕ್ಕೆ ತಜ್ಞರು ಕೊಡುವ ವಿವರಣೆ. ಹಾಗೆ ಆ ಹೆಣ್ಣಿನ ಒಂದು ಋತುವಿನ ಮೊಟ್ಟೆಗಳೆಲ್ಲ ತನ್ನ ಜಾತಿಗೆ ಲೆಕ್ಕವಿಲ್ಲದಂತಾದವು.

ಗಂಡುಗಳನ್ನು ಒಂದು ಕೈ ಬೋನಿಗೆ ಹಾಕುತ್ತಿದ್ದಾಗ ಇನ್ನೊಂದು ಕೈ ಕಾಡನ್ನು ಕಡಿಯುತ್ತಿತ್ತು. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಅರ್ಜೆಂಟೀನಾದಲ್ಲಿ ರೈಲುದಾರಿ ಹರಡಿತು. ಜೊತೆಗೆ ದನದ ಸಾಕಣೆ ಹೆಚ್ಚಿ ಬಯಲಿಗೆಲ್ಲ ತಂತಿಬೇಲಿ ಬಂತು. ಬೇಲಿಗೆ ಗೂಟ ಬೇಕು, ಒಲೆಗೆ ಇದ್ದಿಲು ಬೇಕು. ಎಸ್ಪಿನಾಲ್‌ನ ಮರ ಗಟ್ಟಿ, ಮಣ್ಣಿನಲ್ಲಿ ಹೂತರೂ ಬೇಗ ಕೊಳೆಯುವುದಿಲ್ಲ. ನ್ಯಾಂಡುಬಾಯ್ ಗೂಟಗಳು ತಲೆಮಾರುಗಟ್ಟಲೆ ನಿಲ್ಲುತ್ತವೆ ಎಂದು ಹೆಸರುವಾಸಿ. ಬ್ಯೂನಸ್ ಐರಿಸ್ ನಗರದ ಕೆಲವು ಬೀದಿಗಳಿಗೆ ಒಂದು ಕಾಲದಲ್ಲಿ ಕಲ್ಲಿನ ಬದಲು ಆಲ್ಗರೋಬೊ ಮರದ ತುಂಡುಗಳನ್ನು ಹಾಸಿದ್ದರು. ಕುದುರೆಗಾಡಿಯ ಸದ್ದು ಅದರ ಮೇಲೆ ಕಡಿಮೆಯಾಗುತ್ತಿತ್ತು. ಹಕ್ಕಿ ಹಾಡಲು ಕೂರುತ್ತಿದ್ದ ಕೊಂಬೆಗಳ ಮರ ಹೀಗೆ ನಗರದ ನೆಮ್ಮದಿಗೆ ಹಾಸುಗಲ್ಲಾಯಿತು.

ಕಡಿದ ಮೇಲೂ ಈ ಮರಗಳು ಬುಡದಿಂದ ಚಿಗುರುತ್ತವೆ. ಆದ್ದರಿಂದ ಕೊಡಲಿಯೊಂದೇ ಎಸ್ಪಿನಾಲನ್ನು ಮುಗಿಸಲಿಲ್ಲ. ಮುಗಿಸಿದ್ದು ನೇಗಿಲು. ಪಂಪಾದ ಅಂಚಿನ ಮಣ್ಣು ಫಲವತ್ತು. ಮೊದಲು ಗೋಧಿ, ಮೆಕ್ಕೆಜೋಳ, ಬಳಿಕ ಸೋಯಾ. 1996ರಲ್ಲಿ ಕಳೆನಾಶಕ ತಾಳಿಕೊಳ್ಳುವ ಕುಲಾಂತರಿ ಸೋಯಾಬೀನ್‌ಗೆ ಅರ್ಜೆಂಟೀನಾ ಒಪ್ಪಿಗೆ ಕೊಟ್ಟಿತು. ಆಮೇಲೆ ಕೆಲವೇ ವರ್ಷಗಳಲ್ಲಿ, ಹಿಂದೆ ದನ ಮೇಯಿಸಲಷ್ಟೇ ಯೋಗ್ಯ ಎನಿಸಿದ್ದ ಜಮೀನೂ ಸೋಯಾ ಹೊಲವಾಯಿತು. ಕೊರ್ಡೋಬಾ ಪ್ರಾಂತ್ಯದಲ್ಲಿ ಈಗ ಎಸ್ಪಿನಾಲ್ ಎಂದರೆ ಹೊಲಗಳ ನಡುವೆ ಅಲ್ಲಲ್ಲಿ ಉಳಿದ ತುಂಡುತೋಪುಗಳು. ಪೂರ್ವದ ಮಳೆಪ್ರದೇಶದಲ್ಲಿ, ಕೊರಿಯೆಂಟೆಸ್‌ನಲ್ಲೂ ಉರುಗ್ವೆಯಲ್ಲೂ, ಕಾಗದದ ತಿರುಳಿಗಾಗಿ ನೀಲಗಿರಿ ನೆಡುತೋಪುಗಳು ಎದ್ದವು. ನೀಲಗಿರಿಯ ಕೆಳಗೆ ಈ ಹಕ್ಕಿಗೆ ಬೇಕಾದ ಹುಲ್ಲೂ ಇಲ್ಲ, ಪೊದೆಯೂ ಇಲ್ಲ.

ದಕ್ಷಿಣದ ಒಣ ಲಾ ಪಂಪಾದಲ್ಲಿ ಕಥೆ ಸ್ವಲ್ಪ ಬೇರೆ, ಹೆಚ್ಚು ಕುತೂಹಲದ್ದು. ಅಲ್ಲಿನ ಕಾಲ್ಡೆನ್ ಮರ ಪ್ರಪಂಚದಲ್ಲಿ ಅರ್ಜೆಂಟೀನಾ ಬಿಟ್ಟು ಬೇರೆಲ್ಲೂ ಸಹಜವಾಗಿ ಬೆಳೆಯುವುದಿಲ್ಲ. ಸಾಂತಾ ರೋಸಾ ಊರಿನ ದಕ್ಷಿಣಕ್ಕಿರುವ ಪಾರ್ಕೆ ಲೂರೊ ಮೀಸಲಿನಲ್ಲಿ ಹಳೆಯ ಕಾಲ್ಡೆನ್ ಕಾಡನ್ನು ಇಂದಿಗೂ ನೋಡಬಹುದು: ಕೊಡೆಯಂತೆ ಹರಡಿದ ದೊಡ್ಡ ಮರಗಳು, ನಡುವೆ ಹುಲ್ಲು. ದನಗಳು ಬಂದ ಮೇಲೆ ಉಳಿದೆಡೆ ಈ ಚಿತ್ರ ಬದಲಾಯಿತು. ದನ ಕಾಲ್ಡೆನ್ ಕಾಯಿಯನ್ನು ಆಸೆಪಟ್ಟು ತಿನ್ನುತ್ತದೆ. ಗಟ್ಟಿ ಬೀಜ ಹೊಟ್ಟೆಯಲ್ಲಿ ಕರಗದೆ ಸಗಣಿಯ ಜೊತೆ ಬಿದ್ದು ಮೊಳೆಯುತ್ತದೆ. ಬಳ್ಳಾರಿ ಜಾಲಿ ಇಲ್ಲಿ ಕುರಿ ಮೇಕೆಗಳ ಹಿಂದೆ ಊರೂರು ಹಬ್ಬಿದ್ದೂ ಹೀಗೆಯೇ. ಮೇಲಿನ ಹುಲ್ಲನ್ನು ದನ ಮೇಯ್ದು ಮುಗಿಸಿದ್ದರಿಂದ ಎಳೆಗಿಡಕ್ಕೆ ಪೈಪೋಟಿಯೂ ಇಲ್ಲ. ಪರಿಣಾಮವಾಗಿ ಬಿಡಿಬಿಡಿಯಾಗಿದ್ದ ಕಾಡು ತೂರಲಾಗದ ಮುಳ್ಳುಪೊದೆಯಾಯಿತು. ಅಲ್ಲಿನವರು ಅದನ್ನು ‘ಫಾಚಿನಾಲ್’ ಎನ್ನುತ್ತಾರೆ. ಅಂಥ ಪೊದೆಗೆ ಬೇಸಿಗೆಯ ಬೆಂಕಿ ಬಿದ್ದರೆ ಆರಿಸುವುದು ಕಷ್ಟ. ಉಪಗ್ರಹಚಿತ್ರದಲ್ಲಿ ಫಾಚಿನಾಲ್ ಕೂಡ ಹಸಿರಾಗಿಯೇ ಕಾಣುತ್ತದೆ. ಆದರೆ ನೆಲದಲ್ಲಿ ಮೇಯುವ ಹಕ್ಕಿಗೆ ಆ ಹಸಿರು ಪ್ರಯೋಜನಕ್ಕಿಲ್ಲ.

ಮುಳ್ಳುಗಾಡು ಹೋಗುವಾಗ ಹೆಚ್ಚು ಗದ್ದಲವಾಗಲಿಲ್ಲ. ಅಮೆಜಾನ್ ಕಾಡು ಸುಟ್ಟರೆ ಜಗತ್ತಿಗೆಲ್ಲ ಸುದ್ದಿ. ಕುರುಚಲು ಕಡಿದರೆ ಪಾಳುಭೂಮಿ ಉದ್ಧಾರವಾಯಿತು ಎಂದೇ ಲೆಕ್ಕ. ಇದು ಅರ್ಜೆಂಟೀನಾಕ್ಕೆ ಮಾತ್ರ ಸೇರಿದ ರೂಢಿಯಲ್ಲ. ಕಂದಾಯದ ದಾಖಲೆಗಳಲ್ಲಿ ಕುರುಚಲು ಬಯಲನ್ನು ಬಂಜರು ಎಂದು ಬರೆದುಕೊಂಡ ಊರುಗಳಿಗೆ ಇದು ಸುಲಭವಾಗಿ ಅರ್ಥವಾಗುತ್ತದೆ.

ಎರಡೂ ಕಡೆಯಿಂದ ಏಟು ಬಿದ್ದ ಹಕ್ಕಿ ಈಗ ಅಂತಾರಾಷ್ಟ್ರೀಯ ನಿಸರ್ಗ ಸಂರಕ್ಷಣಾ ಒಕ್ಕೂಟದ ಕೆಂಪುಪಟ್ಟಿಯಲ್ಲಿ ‘ಅಳಿವಿನಂಚಿನ’ ಜಾತಿಗಳ ಸಾಲಿನಲ್ಲಿದೆ. ಪ್ರಾಯಕ್ಕೆ ಬಂದ ಹಕ್ಕಿಗಳು ಒಟ್ಟು 1,000ದಿಂದ 2,000ದಷ್ಟು ಇರಬಹುದೆಂಬುದು ಅಂದಾಜು. ಅವೂ ಒಂದೇ ಕಡೆ ಇಲ್ಲ. ಬಿಲ್ಲಿನ ಉದ್ದಕ್ಕೂ ಚೆಲ್ಲಾಪಿಲ್ಲಿ. ಬ್ರೆಜಿಲ್‌ನ ಪರಿಸ್ಥಿತಿ ಎಲ್ಲಕ್ಕಿಂತ ಕೆಟ್ಟದ್ದು. ಅಲ್ಲಿ ಉಳಿದದ್ದು ರಿಯೊ ಗ್ರಾಂಡೆ ಡೊ ಸುಲ್ ರಾಜ್ಯದ ಮೂಲೆಯಲ್ಲಿ, ಅರ್ಜೆಂಟೀನಾ ಮತ್ತು ಉರುಗ್ವೆಯ ಗಡಿಗಳು ಕೂಡುವ ಬಾರಾ ಡೊ ಕ್ವರಾಯಿಯ ಬಳಿ. ಅಲ್ಲಿನ ಎಸ್ಪಿನಿಲ್ಯೊ ರಾಜ್ಯ ಉದ್ಯಾನ 1975ರಲ್ಲಿ ಘೋಷಣೆಯಾಯಿತು. ವಿಸ್ತೀರ್ಣ ಸುಮಾರು 1,600 ಹೆಕ್ಟೇರ್. ಅದರೊಳಗೂ ಆಸುಪಾಸಿನಲ್ಲೂ ಇರುವ ಹಳದಿ ಕಾರ್ಡಿನಲ್‌ಗಳನ್ನು ಸಂಶೋಧಕರು ಹೆಚ್ಚುಕಡಿಮೆ ಒಂದೊಂದಾಗಿ ಬಲ್ಲರು. ಕಾಲಿಗೆ ಹಾಕಿದ ಬಣ್ಣದ ಉಂಗುರಗಳೇ ಗುರುತು.

ಕಾನೂನಿನ ಕೊರತೆ ಇಲ್ಲ. ಅರ್ಜೆಂಟೀನಾದ ವನ್ಯಜೀವಿ ಕಾಯ್ದೆ 1981ರದು. ಬ್ರೆಜಿಲ್‌ನಲ್ಲಿ 1967ರಿಂದಲೇ ಕಾಡಿನ ಹಕ್ಕಿಗಳನ್ನು ಹಿಡಿಯುವುದು ಅಪರಾಧ. ವನ್ಯಜೀವಿಗಳ ಅಂತಾರಾಷ್ಟ್ರೀಯ ವ್ಯಾಪಾರವನ್ನು ನಿಯಂತ್ರಿಸುವ ಸೈಟ್ಸ್ ಒಪ್ಪಂದದ ಎರಡನೆಯ ಅನುಬಂಧದಲ್ಲಿ ಹಳದಿ ಕಾರ್ಡಿನಲ್ ಇದೆ. ಆದರೆ ಬೋನು ಕೈಯಲ್ಲಿ ಹಿಡಿದೊಯ್ಯುವಷ್ಟು ಹಗುರ, ಕಾಡು ಸಾವಿರಾರು ಚದರ ಕಿಲೋಮೀಟರ್, ಕಾವಲುಗಾರರು ಬೆರಳೆಣಿಕೆ. ಬ್ರೆಜಿಲ್‌ನಲ್ಲಿ ಪರವಾನಗಿ ಪಡೆದವರು ಪಂಜರದಲ್ಲೇ ಹುಟ್ಟಿದ ಹಾಡುಹಕ್ಕಿಗಳನ್ನು ಸಾಕಬಹುದು. ಹಾಗೆ ಹುಟ್ಟಿದ ಮರಿಯ ಕಾಲಿಗೆ ಉಂಗುರ ಹಾಕಬೇಕು. ಕಾಡಿನಲ್ಲಿ ಹಿಡಿದ ಹಕ್ಕಿಗೂ ಅಡ್ಡದಾರಿಯಿಂದ ಅದೇ ಉಂಗುರ ತೊಡಿಸುವ ಕಳ್ಳದಂಧೆ ಈ ಏರ್ಪಾಡಿನ ಬೆನ್ನಿಗೇ ಬೆಳೆಯಿತು.

ಪೊಲೀಸರೂ ವನ್ಯಜೀವಿ ಇಲಾಖೆಯವರೂ ದಾಳಿ ಮಾಡಿ ವಶಪಡಿಸಿಕೊಂಡ ಹಕ್ಕಿಗಳನ್ನು ಏನು ಮಾಡಬೇಕು ಎಂಬುದು ಮೇಲ್ನೋಟಕ್ಕೆ ಸುಲಭದ ಪ್ರಶ್ನೆ: ಪಂಜರ ತೆರೆದು ಬಿಟ್ಟರಾಯಿತು. ಹಾಗೆ ಬಿಡಲಾಗದು ಎಂದು ತೋರಿಸಿಕೊಟ್ಟದ್ದು ಬ್ಯೂನಸ್ ಐರಿಸ್ ವಿಶ್ವವಿದ್ಯಾಲಯದವರ ಇನ್ನೊಂದು ಅಧ್ಯಯನ. 2017ರಲ್ಲಿ ಅದು ಪ್ರಕಟವಾಯಿತು. ಬೇರೆಬೇರೆ ಪ್ರಾಂತ್ಯಗಳ ಹಕ್ಕಿಗಳ ವಂಶವಾಹಿಗಳನ್ನೂ ಹಾಡಿನ ಧ್ವನಿಮುದ್ರಣಗಳನ್ನೂ ಹೋಲಿಸಿದಾಗ ಎರಡರಲ್ಲೂ ಪ್ರದೇಶದಿಂದ ಪ್ರದೇಶಕ್ಕೆ ವ್ಯತ್ಯಾಸ ಕಂಡಿತು. ಕೊರಿಯೆಂಟೆಸ್‌ನ ಹಕ್ಕಿಯ ಹಾಡು ಲಾ ಪಂಪಾದ ಹಕ್ಕಿಯ ಹಾಡಿನಂತಿಲ್ಲ. ಧಾರವಾಡದ ಮಾತಿಗೂ ಮಂಗಳೂರಿನ ಮಾತಿಗೂ ಇರುವಂತೆ ಅವುಗಳಿಗೂ ಸೀಮೆಯ ನುಡಿಗಟ್ಟು ಇದೆ. ಎಲ್ಲಿಂದಲೋ ಬಂದ ಗಂಡನ್ನು ಇನ್ನೆಲ್ಲೋ ಬಿಟ್ಟರೆ ಅದರ ಹಾಡಿಗೆ ಅಲ್ಲಿನ ಹೆಣ್ಣು ಒಲಿಯದೆ ಹೋಗಬಹುದು. ಒಲಿದರೂ ಆಯಾ ಪ್ರದೇಶಕ್ಕೆ ಹೊಂದಿಕೊಂಡ ತಳಿಗಳು ಕಲಸಿಹೋಗುತ್ತವೆ.

ಹಾಗಾಗಿ ಅರ್ಜೆಂಟೀನಾದಲ್ಲಿ ವಶಪಡಿಸಿಕೊಂಡ ಹಕ್ಕಿಗೆ ಈಗ ಮೊದಲು ಆರೈಕೆ, ರೋಗಪರೀಕ್ಷೆ. ಆಮೇಲೆ ರಕ್ತದ ಮಾದರಿಯಿಂದ ಅದರ ತವರು ಯಾವುದೆಂಬ ಪತ್ತೆ. ತೇಮೈಕೆನ್ ಪ್ರತಿಷ್ಠಾನ, ಪಕ್ಷಿಪ್ರಿಯರ ಸಂಘಟನೆಯಾದ ಆವೆಸ್ ಅರ್ಜೆಂಟೀನಾಸ್ ಮತ್ತು ವಿಶ್ವವಿದ್ಯಾಲಯದವರು ಈ ಕೆಲಸದಲ್ಲಿ ಕೂಡಿಕೊಂಡಿದ್ದಾರೆ. ಬಹುಕಾಲ ಪಂಜರದಲ್ಲಿದ್ದ ಹಕ್ಕಿಯ ರೆಕ್ಕೆಗೆ ಬಲ ಬರಬೇಕು, ನೆಲದಲ್ಲಿ ಮೇವು ಹುಡುಕಲು ಬರಬೇಕು. ತವರು ತಿಳಿದ ಮೇಲೆ ಆ ಪ್ರಾಂತ್ಯದಲ್ಲಿ ಒಪ್ಪುವ ಜಮೀನುದಾರ ಸಿಗಬೇಕು, ಏಕೆಂದರೆ ಎಸ್ಪಿನಾಲ್‌ನ ಬಹುಪಾಲು ಸರ್ಕಾರದ ಕಾಡಲ್ಲ, ಖಾಸಗಿ ದನದ ಹುಲ್ಲುಗಾವಲು. ಇದರಲ್ಲಿ ಒಂದು ಅನುಕೂಲವೂ ಇದೆ. ಹದವಾಗಿ ದನ ಮೇಯುವ, ಮರಗಳನ್ನು ಉಳಿಸಿಕೊಂಡ ಜಮೀನಿನಲ್ಲಿ ಹಳದಿ ಕಾರ್ಡಿನಲ್ ಚೆನ್ನಾಗಿಯೇ ಬಾಳುತ್ತದೆ. ಅಪರಿಚಿತರು ಬೋನು ಹಿಡಿದು ಬೇಲಿ ದಾಟದಂತೆ ಒಡೆಯ ನೋಡಿಕೊಂಡರೆ ಅದು ಯಾವ ರಕ್ಷಿತಾರಣ್ಯಕ್ಕೂ ಕಡಿಮೆಯಲ್ಲ. ಉರುಗ್ವೆಯಲ್ಲಿ ಎಂಬೊಪಿಕುವಾ ಎಂಬ ಜೀವಿಧಾಮದಲ್ಲಿ ಈ ಹಕ್ಕಿಗಳನ್ನು ಸಾಕಿ ಮರಿ ಮಾಡಿಸುತ್ತಿದ್ದಾರೆ. ಆ ಜೀವಿಧಾಮ ನೀಲಗಿರಿ ಬೆಳೆಸುವ ಕಾಗದತಿರುಳಿನ ಕಂಪನಿಗೆ ಸೇರಿದ್ದು ಎಂಬುದೊಂದು ವಿಚಿತ್ರ.

ಕಾಡಿನಲ್ಲಿ ಹಕ್ಕಿ ಎಣಿಸಲು ಹೋಗುವ ಸಂಶೋಧಕರ ಚೀಲದಲ್ಲಿ ಒಂದು ಸಣ್ಣ ಸ್ಪೀಕರ್ ಇರುತ್ತದೆ. ಮುಳ್ಳುಪೊದೆಗಳ ನಡುವೆ ನಿಂತು ಅದರಲ್ಲಿ ಗಂಡು ಕಾರ್ಡಿನಲ್‌ನ ಹಾಡು ಹಾಕಿ ಕಾಯುತ್ತಾರೆ. ಸರಹದ್ದಿನ ಒಡೆಯ ಅಲ್ಲಿದ್ದರೆ ತಡವಿಲ್ಲದೆ ಜುಟ್ಟು ನಿಮಿರಿಸಿ ಹತ್ತಿರದ ಕೊಂಬೆಗೆ ಬಂದು ಎದುರುತ್ತರ ಕೊಡುತ್ತದೆ. ಪುಸ್ತಕದಲ್ಲಿ ಒಂದು ಗೀಟು ಬೀಳುತ್ತದೆ. ಬೋನಿನವನ ಉಪಾಯವೂ ಇದೇ, ದೀಮದ ಬದಲು ಯಂತ್ರ ಅಷ್ಟೆ. ಇದೇ ಕಾರಣಕ್ಕೆ, ಎಣಿಕೆಯ ಫಲಿತಾಂಶ ಪ್ರಕಟಿಸುವಾಗ ಪ್ರಾಂತ್ಯದ ಹೆಸರು ಬರೆದರೂ ಗೂಡಿರುವ ತೋಪು ಯಾವುದೆಂಬುದನ್ನು ಅವರು ಬಿಟ್ಟುಕೊಡುವುದಿಲ್ಲ.